ಹುಷಾರಿಲ್ಲದ ಬೆಕ್ಕನ್ನು ಶೆಲ್ಟರಿಗೆ ಬಿಟ್ಟು ಬರುವ ಮುಂಚೆ ಇದನ್ನು ಓದಿ

ಕಳೆದ ವರ್ಷ ಜುಲೈ ಕೊನೆ. ಮೈಸೂರಿನಲ್ಲಿ ಮೂರು ದಿನದಿಂದ ಬಿಡದೆ ಮಳೆ. ನಮ್ಮ ಮನೆ ಕೆಳಗೆ ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ, ಕರೆಂಟ್ ಮೀಟರ್ ಬೋರ್ಡಿನ ಅಡಿಗೆ ಒಂದು ಬೆಕ್ಕಿನ ಮರಿ ಮುದುಡಿಕೊಂಡು ಕೂತಿತ್ತು. ಬೂದು ಬಣ್ಣ, ಮೂರು ತಿಂಗಳು ಇರಬಹುದು. ಎರಡೂ ಕಣ್ಣು ಪಿಸುರು ಕಟ್ಟಿ ಮುಚ್ಚಿಹೋಗಿದ್ದವು. ಸೀನಿದರೆ ಗುಬ್ಬಿ ಚಿಲಿಪಿಲಿ ಅಂದ ಹಾಗೆ ಸಣ್ಣ ಸದ್ದು. ಅದಕ್ಕೇ ಗುಬ್ಬಿ ಅಂತ ಕರೆದೆ.

ನಾವಿರುವುದು ಬಾಡಿಗೆ ಮನೆ. ಪ್ರಾಣಿ ಸಾಕುವ ಹಾಗಿಲ್ಲ ಅಂತ ಓನರ್ ಆಂಟಿ ಮೊದಲೇ ಹೇಳಿದ್ದರು. ಹಾಗಾಗಿ ಬೀದಿ ಪ್ರಾಣಿಗಳನ್ನು ನೋಡಿಕೊಳ್ಳುವ ಶೆಲ್ಟರುಗಳಿಗೆ ಫೋನ್ ಮಾಡಿದೆ. ಮೊದಲ ಇಬ್ಬರೂ ಒಂದೇ ಮಾತು ಹೇಳಿದರು: "ಈಗ ಜಾಗ ಇಲ್ಲ, ಒಂದು ವಾರ ನಿಮ್ಮ ಹತ್ರಾನೇ ಇಟ್ಕೊಳ್ಳಿ, ಔಷಧಿ ನಾವು ಹೇಳ್ತೀವಿ." ನನಗೆ ಸಿಟ್ಟು ಬಂತು. ಶೆಲ್ಟರ್ ಅಂತ ಬೋರ್ಡ್ ಹಾಕಿಕೊಂಡು ಇಷ್ಟೂ ಮಾಡದಿದ್ದರೆ ಹೇಗೆ ಅನ್ನಿಸಿತು. ಮೂರನೆಯವರು ಒಂದೇ ಒಂದು ಪ್ರಶ್ನೆ ಕೇಳದೆ "ತಗೊಂಡ್ ಬನ್ನಿ ಮೇಡಂ" ಅಂದರು. ಆ ಹೊತ್ತಿಗೆ ಅವರೇ ದೇವರ ಹಾಗೆ ಕಂಡರು. ಇಂದು ಕೇಳಿದರೆ, ಜಾಗ ಇಲ್ಲ ಅಂದ ಆ ಇಬ್ಬರೇ ತಮ್ಮ ಕೆಲಸ ಗೊತ್ತಿದ್ದವರು ಅಂತ ಹೇಳುತ್ತೇನೆ.

ತರಕಾರಿ ಬುಟ್ಟಿಗೆ ಹಳೇ ಟವೆಲ್ ಹಾಸಿ, ಮೇಲೆ ಇನ್ನೊಂದು ಬುಟ್ಟಿ ಕವುಚಿ ಕಟ್ಟಿ, ಮಳೆಯಲ್ಲೇ ಸ್ಕೂಟರಿನಲ್ಲಿ ಕರೆದುಕೊಂಡು ಹೋದೆ. ಚಿಕಿತ್ಸೆ ಖರ್ಚಿಗೆ ಅಂತ 3,000 ರೂಪಾಯಿ ಕೇಳಿದರು, ಕೊಟ್ಟೆ. ರಸೀದಿ ಕೇಳಲಿಲ್ಲ. ಇಂಗ್ಲಿಷಿನಲ್ಲಿದ್ದ ಒಂದು ಫಾರಂಗೆ ಓದದೆ ಸಹಿ ಹಾಕಿದೆ. ಇಲ್ಲಿ ಬಿಟ್ಟ ಮೇಲೆ ಈ ಪ್ರಾಣಿಯ ಮೇಲೆ ನನಗೆ ಯಾವ ಹಕ್ಕೂ ಇಲ್ಲ ಅಂತ ಅದರಲ್ಲಿ ಬರೆದಿತ್ತು ಅನ್ನುವುದು ಆಮೇಲೆ ಗೊತ್ತಾಯಿತು.

ಒಳಗೆ ಒಂದೇ ಕೋಣೆ. ಒಂದರ ಮೇಲೊಂದು ಇಟ್ಟ ಪಂಜರಗಳು. ಸೀನುವ ಬೆಕ್ಕು, ಭೇದಿ ಆಗುತ್ತಿದ್ದ ಬೆಕ್ಕು, ಆಪರೇಷನ್ ಆದ ಬೆಕ್ಕು, ಎಲ್ಲ ಅಲ್ಲೇ. ಒಬ್ಬ ಹುಡುಗ ಬಕೆಟಿನಲ್ಲಿ ಫಿನೈಲ್ ನೀರು ಇಟ್ಟುಕೊಂಡು ಒಂದು ಪಂಜರ ಒರೆಸುವುದು, ಬಟ್ಟೆ ಅದೇ ನೀರಿಗೆ ಅದ್ದಿ ಹಿಂಡುವುದು, ಪಕ್ಕದ ಪಂಜರ ಒರೆಸುವುದು. ನಾನು ನೋಡುತ್ತಾ ನಿಂತಿದ್ದಷ್ಟು ಹೊತ್ತಿಗೆ ಆರು ಪಂಜರ ಮುಗಿಸಿದ. ಘಮ್ಮನೆ ಫಿನೈಲ್ ವಾಸನೆ ಬಂತು, ಪರವಾಗಿಲ್ಲ, ಕ್ಲೀನ್ ಇಟ್ಟಿದ್ದಾರೆ ಅಂದುಕೊಂಡೆ. ನನ್ನ ದೊಡ್ಡ ತಪ್ಪು ಅದೇ.

ಮಾರನೇ ದಿನ ವಾಟ್ಸಾಪಿನಲ್ಲಿ ಫೋಟೋ ಬಂತು. "ಆರಾಮಾಗಿದೆ." ನಾಲ್ಕನೇ ದಿನ ಮತ್ತೊಂದು, ಜೊತೆಗೆ ಇನ್ನೂ 1,500 ಕಳಿಸಿ ಅನ್ನುವ ಮೆಸೇಜು. ಕಳಿಸಿದ ಮೇಲೆ ಎರಡೂ ಫೋಟೋ ಪಕ್ಕಪಕ್ಕ ಇಟ್ಟು ನೋಡಿದೆ. ಒಂದೇ ಫೋಟೋ. ಟವೆಲಿನ ಮಡಿಕೆ ಕೂಡ ಅದೇ. ಬಂದು ನೋಡುತ್ತೇನೆ ಅಂದರೆ ಭಾನುವಾರ ಮಾತ್ರ ಅಂದರು.

ಒಂಬತ್ತನೇ ದಿನ ಭಾನುವಾರ. ಗುಬ್ಬಿ ನೀರಿನ ಬಟ್ಟಲ ಮೇಲೆ ತಲೆ ಇಳಿಬಿಟ್ಟು ಕೂತಿತ್ತು. ಕುಡಿಯುತ್ತಿರಲಿಲ್ಲ. ಗದ್ದ ನೀರಿಗೆ ತಾಗಿ ತೊಟ್ಟಿಕ್ಕುತ್ತಿತ್ತು, ತಲೆ ಎತ್ತುವ ಶಕ್ತಿ ಇರಲಿಲ್ಲ. ಮೂಲೆಯಲ್ಲಿ ಹಳದಿ ನೊರೆ ವಾಂತಿ. ಪಕ್ಕದ ಪಂಜರದಲ್ಲಿದ್ದ ಬಿಳಿ ಬೆಕ್ಕು ಎಲ್ಲಿ ಅಂತ ಕೇಳಿದೆ. ಹುಡುಗ ನನ್ನ ಮುಖ ನೋಡಲಿಲ್ಲ. ಗುಬ್ಬಿಯನ್ನು ವಾಪಸ್ ಕೊಡಿ ಅಂದಿದ್ದಕ್ಕೆ ಫಾರಂ ತೋರಿಸಿದರು. ಒಂದು ಗಂಟೆ ಜಗಳ ಆಡಿ, ಇನ್ನೊಂದು ಕಾಗದಕ್ಕೆ ಸಹಿ ಹಾಕಿ ಬಿಡಿಸಿಕೊಂಡು ಬಂದೆ.

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಐದಾರು ಸಾವಿರಕ್ಕಿಂತ ಮೇಲೆ ಇರಬೇಕಾದ ಬಿಳಿ ರಕ್ತಕಣ 900ಕ್ಕೆ ಇಳಿದಿತ್ತು. ಪ್ಯಾನ್‌ಲ್ಯುಕೋಪೀನಿಯಾ ಅಂದರು. ನಾಯಿಗಳ ಪಾರ್ವೋ ಕೇಳಿದ್ದೀರಲ್ವಾ, ಇದು ಬೆಕ್ಕುಗಳಲ್ಲಿ ಅದೇ ಜಾತಿಯ ವೈರಸ್ಸು. ಕರುಳಿನ ಒಳಪದರವನ್ನೂ ಎಲುಬಿನೊಳಗೆ ರಕ್ತಕಣ ಹುಟ್ಟುವ ಮಜ್ಜೆಯನ್ನೂ ಹಾಳು ಮಾಡುತ್ತದೆ. ವೈರಸ್ಸನ್ನು ನೇರವಾಗಿ ಕೊಲ್ಲುವ ಔಷಧಿ ಇಲ್ಲ. ಡ್ರಿಪ್ಪು, ವಾಂತಿ ನಿಲ್ಲುವ ಇಂಜೆಕ್ಷನ್, ಬೇರೆ ಸೋಂಕು ತಗುಲದ ಹಾಗೆ ಆಂಟಿಬಯೋಟಿಕ್, ಅಷ್ಟೇ. ಎರಡು ದಿನ ಡ್ರಿಪ್ ಹಾಕಿದರು. ಬುಧವಾರ ಬೆಳಗಿನ ಜಾವ ಗುಬ್ಬಿ ಹೋಯಿತು.

ಡಾಕ್ಟರು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ನೋಡಮ್ಮ, ನೀನು ಮೊದಲ ದಿನ ನೋಡಿದ್ದು ಬರೀ ನೆಗಡಿ. ಕಣ್ಣಿಗೆ ಡ್ರಾಪ್ಸು, ಮಾತ್ರೆ, ಬೆಚ್ಚಗಿನ ಜಾಗ ಇದ್ದಿದ್ರೆ ಹತ್ತು ದಿನದಲ್ಲಿ ಓಡಾಡ್ತಿತ್ತು." ಈ ವೈರಸ್ ಒಳಗೆ ಸೇರಿದ ಮೇಲೆ ಸಾಮಾನ್ಯವಾಗಿ ಒಂದು ವಾರದ ಒಳಗೆ, ಹೆಚ್ಚೆಂದರೆ ಎರಡು ವಾರದಲ್ಲಿ ಕಾಣಿಸಿಕೊಳ್ಳುತ್ತದೆ. ಗುಬ್ಬಿ ಅಲ್ಲಿದ್ದದ್ದು ಒಂಬತ್ತು ದಿನ. ಅಲ್ಲೇ ಅಂಟಿತು ಅಂತ ನೂರಕ್ಕೆ ನೂರು ಹೇಳಲು ಆಗುವುದಿಲ್ಲ ಅಂದರು. ಆದರೆ ಆ ಬಕೆಟ್ಟು, ಆ ಬಟ್ಟೆ ಬಗ್ಗೆ ಹೇಳಿದಾಗ ತಲೆ ಆಡಿಸಿದರು. ಫಿನೈಲಿಗೆ ಈ ವೈರಸ್ ಜಗ್ಗುವುದಿಲ್ಲವಂತೆ. ಮೇಲಾಗಿ ಫಿನೈಲ್ ಬೆಕ್ಕಿನ ಮೈಗೆ ವಿಷ. ಕಾಲಿಗೆ ಹತ್ತಿದ್ದನ್ನು ಬೆಕ್ಕು ನೆಕ್ಕಿಕೊಂಡು ಹೊಟ್ಟೆಗೆ ಸೇರಿಸಿಕೊಳ್ಳುತ್ತದೆ.

ಓನರ್ ಆಂಟಿಗೆ ವಿಷಯ ಹೇಳಿದೆ. "ಅಯ್ಯೋ, ಬಾತ್‌ರೂಮಲ್ಲಿ ಹತ್ತು ದಿನ ಇಟ್ಕೋತೀನಿ ಅಂದಿದ್ರೆ ಬೇಡ ಅಂತಿದ್ನಾ?" ಅಂದರು. ನಾನು ಕೇಳಿಯೇ ಇರಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಸೀನುವ, ಕಣ್ಣು ಕಟ್ಟಿದ ಬೆಕ್ಕು ಸಿಕ್ಕರೆ ಮೊದಲು ಡಾಕ್ಟರ ಹತ್ತಿರ ಹೋಗಿ. ದುಡ್ಡಿನ ತೊಂದರೆ ಇದ್ದರೆ ಸರ್ಕಾರಿ ದನದ ಆಸ್ಪತ್ರೆಗಾದರೂ ಹೋಗಿ, ಅಲ್ಲಿ ಬೆಕ್ಕು ನೋಡುವುದಿಲ್ಲ ಅನ್ನುವುದು ತಪ್ಪು ತಿಳಿವಳಿಕೆ. ಆಮೇಲೆ ಒಂದು ಬಾತ್‌ರೂಮೋ ಸ್ಟೋರ್ ರೂಮೋ ಸಾಕು. ಮನೆಯಲ್ಲಿ ಬೇರೆ ಬೆಕ್ಕಿದ್ದರೆ ಎರಡು ವಾರ ಬೇರೆಯೇ ಇಡಿ, ಬಟ್ಟಲು ಬೇರೆ, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಕಣ್ಣನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಒಂದೊಂದು ಕಣ್ಣಿಗೆ ಹೊಸ ಹತ್ತಿ. ಮೂಗು ಕಟ್ಟಿದ ಬೆಕ್ಕಿಗೆ ವಾಸನೆ ಸಿಗುವುದಿಲ್ಲ, ವಾಸನೆ ಸಿಗದಿದ್ದರೆ ತಿನ್ನುವುದಿಲ್ಲ. ಊಟ ಸ್ವಲ್ಪ ಬಿಸಿ ಮಾಡಿ ಇಡಿ. ಹಸುವಿನ ಹಾಲು ಬೇಡ, ಭೇದಿ ಆಗುತ್ತದೆ. ಜ್ವರ ಅಂತ ನಾವು ನುಂಗುವ ಪ್ಯಾರಸಿಟಮಾಲ್ ಕೊಡಲೇಬೇಡಿ, ಒಂದೇ ಮಾತ್ರೆಗೆ ಬೆಕ್ಕು ಸಾಯಬಹುದು. ಕಚ್ಚಿದರೆ, ಪರಚಿದರೆ ಹದಿನೈದು ನಿಮಿಷ ಸೋಪು ನೀರಲ್ಲಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ.

ಬಿಡಲೇಬೇಕಾದ ಪರಿಸ್ಥಿತಿ ಬಂದರೆ, ಬಿಡುವ ಮುಂಚೆ ಒಳಗೆ ಹೋಗಿ ನೋಡಿ. ಹೊಸ ಬೆಕ್ಕಿಗೆ ಬೇರೆ ಕೋಣೆ ಇದೆಯಾ? ಸೇರಿಸಿಕೊಳ್ಳುವ ದಿನವೇ ಲಸಿಕೆ ಹಾಕುತ್ತಾರಾ? ಡಾಕ್ಟರು ವಾರಕ್ಕೆ ಎಷ್ಟು ಸಲ ಬರುತ್ತಾರೆ? ಪಂಜರ ಯಾವುದರಲ್ಲಿ ಒರೆಸುತ್ತಾರೆ? ಕೇಳಲು ಸಂಕೋಚ ಬೇಡ. ಫಾರಂ ಪೂರ್ತಿ ಓದಿ, ಫೋಟೋ ತೆಗೆದುಕೊಳ್ಳಿ.

ಗುಬ್ಬಿ ಹೋದ ಮೇಲೆ ಬುಟ್ಟಿ, ಟವೆಲ್ ಎರಡನ್ನೂ ಸುಟ್ಟೆ. ಒಂದು ಲೋಟ ಬ್ಲೀಚಿಗೆ ಮೂವತ್ತೆರಡು ಲೋಟ ನೀರು ಬೆರೆಸಿ ನೆಲಕ್ಕೆ ಹಾಕಿ, ಹತ್ತು ನಿಮಿಷ ಬಿಟ್ಟು ತೊಳೆದೆ. ಈ ವೈರಸ್ ಒಂದು ವರ್ಷದವರೆಗೂ ನೆಲದಲ್ಲಿ, ಬಟ್ಟೆಯಲ್ಲಿ ಉಳಿಯಬಹುದು. ಲಸಿಕೆ ಆಗದ ಮರಿಯನ್ನು ಈ ಮನೆಗೆ ಇನ್ನೂ ತಂದಿಲ್ಲ.

ನೀವು ಈ ವಾರ ಎಲ್ಲಾದರೂ ಬೆಕ್ಕು ಬಿಟ್ಟು ಬಂದಿದ್ದರೆ ಫೋಟೋ ಕೇಳಬೇಡಿ, ಈಗಲೇ ವಿಡಿಯೋ ಕಾಲ್ ಮಾಡಿಸಿ. ಭಾನುವಾರದವರೆಗೆ ಕಾಯಬೇಡಿ, ನಾಳೆಯೇ ಹೋಗಿ. ನೀರಿನ ಬಟ್ಟಲ ಮುಂದೆ ಕುಡಿಯದೆ ಸುಮ್ನೆ ಕೂತಿದ್ದರೆ, ಜಗಳ ಆಡಿಯಾದರೂ ಎತ್ತಿಕೊಂಡು ಡಾಕ್ಟರ ಹತ್ತಿರ ಓಡಿ.