ಫ್ಯಾಂಡೆಲ್ವರ್, ಸ್ಟ್ರಾಡ್, ಮಿರ್ಜಾನ್: ನಾವು ಆಡುತ್ತಿರುವ ಮೂರು ಕ್ಯಾಂಪೇನ್‌ಗಳ ಹೋಲಿಕೆ

ಸದ್ಯ ನಾನು ದಾಳ ಹಾಕಿ, ಪಾತ್ರ ವಹಿಸಿ ಕಥೆ ಕಟ್ಟುವ ಆಟವನ್ನು (ರೋಲ್ ಪ್ಲೇಯಿಂಗ್ ಗೇಮ್) ಮೂರು ತಂಡಗಳಲ್ಲಿ ಆಡುತ್ತಿದ್ದೇನೆ. ಒಂದೊಂದರಲ್ಲೂ ಹಲವು ಸಲ ಸೇರಿ ಮುಂದುವರಿಸುವ ಒಂದು ಕಥೆ, ಅದೇ ಕ್ಯಾಂಪೇನ್. ಶಿರಸಿಯಲ್ಲಿ ಅಕ್ಕನ ಮಕ್ಕಳಿಗೂ ಅವರ ಗೆಳೆಯರಿಗೂ ‘ಲಾಸ್ಟ್ ಮೈನ್ ಆಫ್ ಫ್ಯಾಂಡೆಲ್ವರ್’ ಆಡಿಸುತ್ತೇನೆ. ಕಾರವಾರದ ಗೆಳತಿಯ ಮನೆಯಲ್ಲಿ ‘ಕರ್ಸ್ ಆಫ್ ಸ್ಟ್ರಾಡ್’ ನಡೆಯುತ್ತಿದೆ, ಅಲ್ಲಿ ನಾನು ಬರೀ ಆಟಗಾರ್ತಿ. ಮೂರನೆಯದು ನಾವೇ ಕಟ್ಟಿಕೊಂಡದ್ದು. ಮಿರ್ಜಾನ್ ಕೋಟೆ, ಅಘನಾಶಿನಿ ಹೊಳೆ, ಗೇರುಸೊಪ್ಪೆಯ ಕಾಳುಮೆಣಸು, ಜೊತೆಗೆ ಒಂದಿಷ್ಟು ಮಾಯ ಮಂತ್ರ. ಅದಕ್ಕೆ ನಿಯಮಗಳನ್ನು ಮಾತ್ರ ‘ಕೇರ್ನ್’ ಎನ್ನುವ ಪುಟ್ಟ ಆಟದಿಂದ ತಗೊಂಡಿದ್ದೇವೆ.

ಆಟವೇ ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬರು ಕಥೆ ನಡೆಸುತ್ತಾರೆ, ಅವರನ್ನು ಡಿಎಂ (ಡಂಜನ್ ಮಾಸ್ಟರ್) ಅನ್ನುತ್ತೇವೆ. ಉಳಿದವರು ಒಂದೊಂದು ಪಾತ್ರ ವಹಿಸಿ "ನಾನು ಹೀಗೆ ಮಾಡ್ತೇನೆ" ಅನ್ನುತ್ತಾರೆ. ಆಗುತ್ತೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ದಾಳ ಹಾಕಬೇಕು. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಸೇರಿ 1974ರಲ್ಲಿ ‘ಡಂಜನ್ಸ್ ಆಂಡ್ ಡ್ರ್ಯಾಗನ್ಸ್’ (ಡಿ ಆಂಡ್ ಡಿ) ಹೊರತಂದಾಗಿನಿಂದ ಆಟದ ತಿರುಳು ಇಷ್ಟೇ.

ಯಾವ ಕ್ಯಾಂಪೇನ್ ಒಳ್ಳೆಯದು ಅಂತ ಕೇಳಿದರೆ ನಾನು ಎರಡು ವಿಷಯ ನೋಡುತ್ತೇನೆ. ಇಬ್ಬರು ಬರದೆ ಹೋದರೂ ಆ ದಿನ ಆಟ ನಡೆಯುತ್ತದಾ? ಆಟಗಾರರು ಡಿಎಂ ಬಾಯಿ ನೋಡುತ್ತಾ ಕೂರುತ್ತಾರಾ, ಇಲ್ಲ ತಾವಾಗಿ ಬಾಯಿ ಬಿಡುತ್ತಾರಾ? ಅಡಿಕೆ ಕೊಯ್ಲು, ಮದುವೆ ಸೀಸನ್ನು, ಮಳೆಗೆ ಹೋಗುವ ಕರೆಂಟು, ಇವೆಲ್ಲದರ ನಡುವೆ ಆಡುವವರಿಗೆ ಮೊದಲನೆಯದು ಸಣ್ಣ ಪ್ರಶ್ನೆ ಅಲ್ಲ.

ಫ್ಯಾಂಡೆಲ್ವರ್ ಹೊಸಬರಿಗೆಂದೇ ಮಾಡಿದ ಕಥೆ. 2014ರಲ್ಲಿ ಡಿ ಆಂಡ್ ಡಿ ಐದನೇ ಆವೃತ್ತಿಯ ಸ್ಟಾರ್ಟರ್ ಸೆಟ್ಟಿನಲ್ಲಿ ಬಂತು. 32 ಪುಟದ ನಿಯಮ, 64 ಪುಟದ ಕಥೆ, ಐದು ಸಿದ್ಧ ಪಾತ್ರಗಳು, ಆರು ದಾಳ. ಗುಂಡ್ರೆನ್ ಎಂಬ ಕುಳ್ಳ ಜಾತಿಯ ಡ್ವಾರ್ಫ್‌ನ ಸಾಮಾನಿನ ಗಾಡಿಯನ್ನು ನೆವರ್‌ವಿಂಟರ್‌ನಿಂದ ಫ್ಯಾಂಡಲಿನ್ ಎಂಬ ಊರಿಗೆ ಮುಟ್ಟಿಸುವ ಕೆಲಸ. ದಾರಿಯಲ್ಲಿ ಎರಡು ಸತ್ತ ಕುದುರೆ, ಪೊದೆಯಲ್ಲಿ ಕುಳ್ಳ ರಾಕ್ಷಸರಾದ ಗಾಬ್ಲಿನ್‌ಗಳು. ಓದಿದ ಕೂಡಲೇ ಆಡಿಸಬಹುದು. ಏನು ಮಾಡಬೇಕು ಎಂದು ಆಟಗಾರರಿಗೂ ಗೊಂದಲ ಇಲ್ಲ. ಶುರು ಮಾಡಲು ಇದಕ್ಕಿಂತ ಸುಲಭದ ದಾರಿ ನನಗೆ ಸಿಕ್ಕಿಲ್ಲ. ಈ ಕಥೆ 2023ರಲ್ಲಿ ಬಂದ ‘ಫ್ಯಾಂಡೆಲ್ವರ್ ಆಂಡ್ ಬಿಲೋ’ ಪುಸ್ತಕದಲ್ಲೂ ಇದೆ, ಮುಂದಕ್ಕೆ ಬೆಳೆಸಿದ್ದಾರೆ.

ಆದರೆ ಮೊದಲ ಹಂತದ ಪಾತ್ರಗಳ ಜೀವ ಬಹಳ ತೆಳು. ಗಾಬ್ಲಿನ್ ಗುಹೆಯ ಕೊನೆಗೆ ಕ್ಲಾರ್ಗ್ ಅನ್ನುವ ದೈತ್ಯ ಬಗ್‌ಬೇರ್ ಇದೆ, ಅದರ ಒಂದೇ ಏಟಿಗೆ ಮಂತ್ರಗಾರ ಮಲಗಬಹುದು. ಅವತ್ತು ಗಾಯ ವಾಸಿ ಮಾಡುವ ಕ್ಲೆರಿಕ್ ಪಾತ್ರದವ ಟ್ಯೂಷನ್ನಿಗೆ ಹೋಗಿದ್ದರೆ ಕಥೆ ಮುಗಿದ ಹಾಗೇ. ಜಗಳ ಶುರುವಾದರೆ ಗಂಟೆ ಬೇಕು. ತನ್ನ ಸರದಿ ಬರುವವರೆಗೆ ಒಬ್ಬೊಬ್ಬರೂ ಮೊಬೈಲ್ ತೆಗೆಯುತ್ತಾರೆ. ಮಕ್ಕಳು ಅಂತಲ್ಲ, ದೊಡ್ಡವರೂ ಅಷ್ಟೇ.

ಅದೇ ಗುಹೆಯಲ್ಲಿ ಒಂದು ತೊರೆ ಇದೆ. ಮೇಲೆ ಗಾಬ್ಲಿನ್‌ಗಳು ನೀರು ಕಟ್ಟಿಟ್ಟುಕೊಂಡಿರುತ್ತವೆ, ಒಳಗೆ ಬಂದವರ ಮೇಲೆ ಬಿಡುತ್ತವೆ. ಅಲ್ಲಿಯವರೆಗೆ ತುಟಿ ಬಿಚ್ಚದ ಒಬ್ಬ ಹುಡುಗ ಇದ್ದ, ಮನೆಯಲ್ಲಿ ಅಡಿಕೆ ತೋಟ. ಮೊದಲ ಸಲ ನೀರು ಬಂದದ್ದೇ ಎದ್ದು ಕೂತ. "ಇಷ್ಟು ನೀರು ಸುಮ್ನೆ ಬರೂದಿಲ್ಲ. ಮೇಲೆ ಒಡ್ಡು ಇದ್ದು. ಇನ್ನೊಂದು ಒಡ್ಡೂ ಇರ್ತು" ಅಂದ. ಪುಸ್ತಕದಲ್ಲೂ ಇರುವುದು ಎರಡೇ. ಅವತ್ತಿನಿಂದ ಆ ತಂಡಕ್ಕೆ ಅವನೇ ಮುಂದಾಳು.

ಸ್ಟ್ರಾಡ್ ಬೇರೆಯೇ ಜಾತಿ. 1983ರ ‘ರೇವನ್‌ಲಾಫ್ಟ್’ ಎಂಬ ಹಳೆ ಕಥೆಯನ್ನು 2016ರಲ್ಲಿ ಹಿಗ್ಗಿಸಿ ಮಾಡಿದ ಪುಸ್ತಕ, 250ಕ್ಕೂ ಜಾಸ್ತಿ ಪುಟ. ಬರೋವಿಯಾ ಎಂಬ ಕಣಿವೆ, ಸುತ್ತ ಮಂಜು. ಒಳಗೆ ಹೋದವರು ಹೊರಗೆ ಬರುವಂತಿಲ್ಲ. ಅಲ್ಲಿಯ ದೊರೆ ಸ್ಟ್ರಾಡ್ ರಕ್ತ ಕುಡಿಯುವ ಪಿಶಾಚಿ. ಕೊನೆಯವರೆಗೆ ಅಡಗಿ ಕೂರುವವನಲ್ಲ. ನಡುನಡುವೆ ಬರುತ್ತಾನೆ, ಮಾತಾಡುತ್ತಾನೆ, ಕೋಟೆಗೆ ಊಟಕ್ಕೂ ಕರೆಯುತ್ತಾನೆ.

ಇದರ ಜೀವ ಇರುವುದೇ ಮಾತಿನಲ್ಲಿ. ನಮ್ಮ ತಂಡದಲ್ಲಿ ಒಬ್ಬರು ಹೊನ್ನಾವರದ ಕಡೆಯವರು, ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. ವೇಷ ಇಲ್ಲ, ಕುಣಿತ ಇಲ್ಲ, ಕಥೆ ಎಲ್ಲರಿಗೂ ಗೊತ್ತಿರುವುದೇ, ಎದುರಿನವರ ಮಾತಿಗೆ ಅಲ್ಲೇ ಮಾತು ಹೊಸೆಯಬೇಕು. ಈ ಆಟವೂ ಹಾಗೇ ಅಂತ ಅವರಿಗೆ ಮೊದಲ ದಿನವೇ ಹೊಳೆಯಿತು. ಸ್ಟ್ರಾಡ್ ಎದುರು ಅವರು ಸಂಧಾನಕ್ಕೆ ಕೂತರೆ ನಾವೆಲ್ಲ ದಾಳ ಮರೆತು ಕೇಳುತ್ತೇವೆ. ಡಿಎಂ ಆಗಿರುವ ಗೆಳತಿ ಮಾತ್ರ "ಅಣ್ಣ, ಸ್ವಲ್ಪ ಉಸಿರು ತಗೊಳ್ಳಿ, ನನಗೂ ಉತ್ತರ ಹುಡುಕಬೇಕು" ಅನ್ನುತ್ತಾಳೆ.

ಇನ್ನೊಂದು ಚಂದದ ಸಂಗತಿ ಟರೋಕ್ಕ ಎಂಬ, ಇಸ್ಪೀಟಿನಂಥ ಎಲೆಗಳ ಶಕುನ. ಮೇಡಂ ಈವಾ ಎಂಬ ಅಜ್ಜಿ ಎಲೆ ಎಳೆಯುತ್ತಾಳೆ. ಸ್ಟ್ರಾಡ್‌ನನ್ನು ಸೋಲಿಸಲು ಬೇಕಾದ ಮೂರು ವಸ್ತು ಎಲ್ಲಿವೆ, ಜೊತೆಗೆ ಬರುವವರು ಯಾರು, ಕೊನೆಗೆ ಅವನು ಸಿಗುವುದೆಲ್ಲಿ, ಎಲ್ಲ ಆ ಎಲೆಗಳ ಮೇಲೆ. ಹಾಗಾಗಿ ಒಂದು ತಂಡದ ಕಥೆ ಇನ್ನೊಂದರ ಹಾಗಿರುವುದಿಲ್ಲ. ಬೇರೆ ಎಲೆ ಕೊಳ್ಳಬೇಕಿಲ್ಲ. ಮನೆಯ ಇಸ್ಪೀಟಿನ ಕಟ್ಟಿನಲ್ಲೇ ಹೇಗೆ ಮಾಡುವುದು ಅಂತ ಪುಸ್ತಕದಲ್ಲೇ ಇದೆ.

ತೊಂದರೆ? ಒಬ್ಬರು ತಪ್ಪಿಸಿಕೊಂಡರೆ ಎಳೆ ಕಡಿಯುತ್ತದೆ. ಯಾರ ಹತ್ತಿರ ಏನು ಗುಟ್ಟು ಹೇಳಿದ್ದರು ಅನ್ನುವುದೇ ಇಲ್ಲಿ ಮುಖ್ಯ, ಬರದವರಿಗೆ ಅದನ್ನು ಹೇಳಿ ತಿಳಿಸುವುದರಲ್ಲೇ ಅರ್ಧ ಹೊತ್ತು ಹೋಗುತ್ತದೆ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು, ಕುಮಟಾ ಅಂಕೋಲಾ ದಾಟಿ ಕಾರವಾರಕ್ಕೆ ಹೋಗುವುದು ಮಳೆಗಾಲದಲ್ಲಿ ನಂಬುವ ಮಾತಲ್ಲ. ಆಗ ವಿಡಿಯೋ ಕಾಲ್‌ನಲ್ಲಿ ಆಡುತ್ತೇವೆ. ಹೆದರಿಕೆಯ ಕಥೆಗೆ ನೆಟ್‌ವರ್ಕ್ ಕೈ ಕೊಟ್ಟರೆ ನಗು ಬರುತ್ತದೆ, ಹೆದರಿಕೆ ಅಲ್ಲ. ಇನ್ನು ಮಕ್ಕಳಿಗೆ ಇದು ಬೇಡವೇ ಬೇಡ. ಸಣ್ಣ ಮಕ್ಕಳಿಗೆ ಆಗುವ ಕೇಡೇ ಕಥೆಯಲ್ಲಿ ಹಲವು ಕಡೆ ಬರುತ್ತದೆ.

ಈಗ ನಮ್ಮ ಮಿರ್ಜಾನ್. ಕಾಲ ಸುಮಾರು 1552ರಿಂದ 1606ರ ನಡುವಿನದು, ಗೇರುಸೊಪ್ಪೆಯನ್ನು ರಾಣಿ ಚೆನ್ನಭೈರಾದೇವಿ ಆಳುತ್ತಿದ್ದ ಕಾಲ. ಪೋರ್ಚುಗೀಸರು ಆಕೆಯನ್ನು ಮೆಣಸಿನ ರಾಣಿ ಅನ್ನುತ್ತಿದ್ದರು. ನಮ್ಮ ಕಥೆಯ ರಾಣಿಗೆ ಹೆಸರಿಲ್ಲ, ಯಾರೂ ಮುಖ ನೋಡಿಲ್ಲ. ಆಟಗಾರರು ಘಟ್ಟದ ಮೇಲಿನಿಂದ ಮೆಣಸು ಇಳಿಸಿ ಕೋಟೆಗೆ ಮುಟ್ಟಿಸುವವರು. ಆಟ ಪ್ರತಿ ಸಲ ಕೋಟೆ ಬಾಗಿಲಿನ ಸಂತೆಯಲ್ಲಿ ಶುರುವಾಗಿ ಅಲ್ಲೇ ಮುಗಿಯುತ್ತದೆ. ಅವತ್ತು ಯಾರು ಬಂದರೋ ಅವರೇ ತಂಡ. ಬರದವರು ಸಂತೆಯಲ್ಲಿ ವ್ಯಾಪಾರ ಮಾಡುತ್ತಿದ್ದರು ಅಂದುಕೊಂಡರಾಯಿತು.

ಕೇರ್ನ್ ಯೋಚೈ ಗಾಲ್ ಎಂಬವರು 2020ರಲ್ಲಿ ಮಾಡಿದ ಆಟ. ನಿಯಮ ಪುಕ್ಕಟೆ ಸಿಗುತ್ತದೆ. ಪಾತ್ರಕ್ಕೆ ಬಲ, ಚುರುಕು, ಮನಸ್ಸಿನ ಗಟ್ಟಿತನ ಎಂಬ ಮೂರೇ ಅಂಕಿ. ಚಾ ಕುದಿಯುವುದರೊಳಗೆ ಪಾತ್ರ ತಯಾರು. ಜಗಳದಲ್ಲಿ ಏಟು ತಾಗಿತೋ ಇಲ್ಲವೋ ಅಂತ ದಾಳ ಹಾಕುವುದೇ ಇಲ್ಲ, ತಾಗಿಯೇ ತಾಗುತ್ತದೆ. ಎಷ್ಟು ಅನ್ನುವುದಕ್ಕಷ್ಟೇ ದಾಳ. ಹಾಗಾಗಿ ಎಲ್ಲರೂ ಜಗಳ ತಪ್ಪಿಸುವ ದಾರಿ ಹುಡುಕುತ್ತಾರೆ, ಮಾತು ಜಾಸ್ತಿಯಾಗುತ್ತದೆ.

ನಮ್ಮ ಕಥೆಗೆ ಹೇಳಿ ಮಾಡಿಸಿದಂತೆ ಇರುವುದು ಅದರ ಹೊರೆಯ ನಿಯಮ. ಸಾಮಾನು ಹೊರಲು ಒಬ್ಬರ ಹತ್ತಿರ ಹತ್ತು ಖಾನೆ. ದೊಡ್ಡ ವಸ್ತುವಿಗೆ ಎರಡು ಬೇಕು. ಸುಸ್ತಾದರೆ ಸುಸ್ತೂ ಒಂದು ಖಾನೆ ತಿನ್ನುತ್ತದೆ. ಹತ್ತೂ ತುಂಬಿದರೆ ತಪ್ಪಿಸಿಕೊಳ್ಳುವ ಶಕ್ತಿ ಸೊನ್ನೆ. ಒಂದು ಚೀಲ ಮೆಣಸಿಗೆ ಎರಡು ಖಾನೆ ಅಂತ ಇಟ್ಟುಕೊಂಡೆವು. ಹಗ್ಗ ಬಿಡುವುದಾ, ದೀಪ ಬಿಡುವುದಾ, ಇಲ್ಲ ಮೆಣಸೇ ಬಿಡುವುದಾ? ಉಂಬಳ ಹತ್ತಿದರೆ ಒಂದು ಸುಸ್ತು ಎಂದು ನಾನು ಹೇಳಿದ್ದೇ ತಡ, ಎಲ್ಲರೂ ಸಂತೆಯಲ್ಲಿ ಸುಣ್ಣ, ತಂಬಾಕು ಕೇಳಿದರು. ಯಾವ ಪುಸ್ತಕವೂ ಅದನ್ನು ಹೇಳಿಕೊಟ್ಟಿರಲಿಲ್ಲ.

ಕುಮಟಾ ಕಡೆಯ ಒಬ್ಬಳು ನನ್ನ ನಕ್ಷೆ ನೋಡಿ, "ಅಕ್ಕಾ, ಇಳಿತದ ಹೊತ್ತಿಗೆ ಈ ಕೋಡಿಯಲ್ಲಿ ದೋಣಿ ಹೆಂಗೆ ಹೋಗ್ತದೆ?" ಎಂದಳು. ಸರಿ, ಅವತ್ತಿನಿಂದ ಉಬ್ಬರ ಇಳಿತಕ್ಕೂ ಒಂದು ದಾಳ ಬಂತು. ಹೊಳೆಯ ಉಪ್ಪು ನೀರಿನ ಅಂಚಿನಲ್ಲಿರುವ ಗಜನಿ ಗದ್ದೆಯ ಕಟ್ಟೆ ಒಡೆದರೆ ಬೆನ್ನಟ್ಟಿ ಬರುವವರ ದಾರಿಗೆ ಉಪ್ಪು ನೀರು ನುಗ್ಗುತ್ತದೆ ಅಂತಲೂ ಅವಳೇ ಹೇಳಿದ್ದು. ಅಲ್ಲಿ ಕಗ್ಗ ಭತ್ತ ಬೆಳೆದವರು ಆಮೇಲೆ ಕೋಲು ಹಿಡಿದು ಬಂದರು, ಅದು ಬೇರೆ ಕಥೆ.

ಒಂದು ವಿಷಯದಲ್ಲಿ ನಾನು ಹಟ ಹಿಡಿದಿದ್ದೇನೆ. ಚೌಡಿ, ಜಟಕ, ಹುಲಿದೇವರು, ನಮ್ಮ ಕಡೆಯ ಈ ದೈವಗಳಿಗೆ ಬಲದ ಅಂಕಿ ಬರೆಯುವುದಿಲ್ಲ. ಫ್ಯಾಂಡಲಿನ್‌ನ ಗಾಬ್ಲಿನ್ ಹೊಡೆದರೆ ಯಾರ ಮನೆಯಲ್ಲೂ ಅಜ್ಜಿ ಬೈಯುವುದಿಲ್ಲ. ಬನದ ಚೌಡಿಗೆ ಕತ್ತಿ ಬೀಸುತ್ತೇನೆ ಅಂದರೆ ಒಳಗಿನ ಕೋಣೆಯಿಂದಲೇ ಕೇಳುತ್ತದೆ, "ಎಂತ ಆಟ ಮಾರಾಯ್ತಿ ಇದು?" ಅವರ ಜೊತೆ ಚೌಕಾಸಿ ಮಾಡಬಹುದು, ಹರಕೆ ಹೇಳಬಹುದು, ಹೇಳಿದ್ದನ್ನು ಮರೆತು ಪೇಚಿಗೂ ಸಿಕ್ಕಬಹುದು. ಹೊಡೆದಾಡುವ ಹಾಗಿಲ್ಲ.

ಇದಕ್ಕೂ ಕಿರಿಕಿರಿ ಇದೆ. ಕೇರ್ನ್‌ನಲ್ಲಿ ಹಂತ ಏರುವುದಿಲ್ಲ. ಮಂತ್ರ ಬೇಕಾದರೆ ಪುಸ್ತಕ ಹೊರಬೇಕು, ಅದಕ್ಕೂ ಒಂದು ಖಾನೆ, ಹೇಳಿದರೆ ಸುಸ್ತು ಬೇರೆ. ಫ್ಯಾಂಡೆಲ್ವರ್ ಆಡಿದ ಹುಡುಗರು "ಇಷ್ಟು ಆಡಿದರೂ ನಾವು ಹಾಗೇ ಇದ್ದೇವಲ್ಲ" ಎಂದು ಮುಖ ಸಣ್ಣ ಮಾಡುತ್ತಾರೆ. ನ್ಯಾಯವಾದ ದೂರೇ. ಡಿಎಂಗೂ ಕೆಲಸ ಜಾಸ್ತಿ, ಪುಸ್ತಕದಲ್ಲಿ ಇಲ್ಲದ್ದನ್ನೆಲ್ಲ ನಾನೇ ತೀರ್ಮಾನಿಸಬೇಕು. ಮೇಲಾಗಿ ಊರಿನ ಕಥೆ ಅಂದಮೇಲೆ ಎಲ್ಲರೂ ಪಂಡಿತರೇ. ಸಂತೆಯ ಖಾನಾವಳಿಯಲ್ಲಿ ಕೆಂಪು ಮೆಣಸಿನಕಾಯಿ ಹಾಕಿದ ಮೀನು ಸಾರು ಇತ್ತು ಅಂದೆ. ಅಮೆರಿಕದ ಆ ಕಾಯಿಯನ್ನು ಪೋರ್ಚುಗೀಸರು ತಂದದ್ದು, ಆಗ ಇಲ್ಲಿಯ ಅಡುಗೆಯಲ್ಲಿ ಬಳಕೆಗೆ ಬಂದಿತ್ತಾ ಇಲ್ಲವಾ ಅಂತ ವಾದ ಹತ್ತಿಕೊಂಡಿತು. ಅವತ್ತು ಮೆಣಸಿನ ಮೂಟೆ ಕೋಟೆ ಬಿಟ್ಟು ಹೊರಡಲೇ ಇಲ್ಲ.

ದುಡ್ಡಿನ ಲೆಕ್ಕ ಬೇಗ ಮುಗಿಯುತ್ತದೆ. ಸ್ಟ್ರಾಡ್ ಪುಸ್ತಕ ದುಬಾರಿ, ತಂಡದವರು ಹಂಚಿಕೊಂಡರೆ ಆದೀತು. ಐದನೇ ಆವೃತ್ತಿಯ ಮೂಲ ನಿಯಮಗಳನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟಿದ್ದಾರೆ, ಅದಕ್ಕೆ ಖರ್ಚಿಲ್ಲ. ಕೇರ್ನ್‌ಗೆ ಪ್ರಿಂಟ್ ತೆಗೆಸಿದರೆ ಮುಗಿಯಿತು.

ಹಾಗಾದರೆ ಯಾವುದು? ತಪ್ಪದೆ ಸೇರುವ ನಾಲ್ಕು ಜನ ದೊಡ್ಡವರು ಸಿಕ್ಕರೆ, ಅವರಲ್ಲಿ ಒಬ್ಬರಿಗಾದರೂ ಮಾತಿನ ಹುಚ್ಚಿದ್ದರೆ, ಕಣ್ಣು ಮುಚ್ಚಿ ಸ್ಟ್ರಾಡ್. ಆಟವೇ ಹೊಸತಾದ ಮಕ್ಕಳಿಗೆ ಫ್ಯಾಂಡೆಲ್ವರ್, ಅದೂ ಗಾಬ್ಲಿನ್ ಗುಹೆ ಮತ್ತು ಊರಿನ ಪುಂಡರ ಗುಂಪು ಮುಗಿಯುವವರೆಗೆ. ಆಮೇಲೆ ಕಥೆ ಸ್ವಲ್ಪ ಚದುರುತ್ತದೆ. ನನಗೆ ಮಾತ್ರ ಒಂದೇ ಇಟ್ಟುಕೋ ಅಂದರೆ ಮಿರ್ಜಾನ್. ಕೊಯ್ಲಿನ ಕಾಲದಲ್ಲಿ ರಾತ್ರಿ ಅಡಿಕೆ ಸುಲಿಯುತ್ತಾ ಆಡಬಹುದಾದದ್ದು ಅದೊಂದೇ. ಕೈ ಕೆಲಸದಲ್ಲಿರುತ್ತದೆ, ಬಾಯಿ ಬಿಡುವಾಗಿರುತ್ತದೆ, ದಾಳ ಹಾಕಲು ಮನೆಯ ಚಿಕ್ಕವರು ಓಡಿ ಬರುತ್ತಾರೆ.

ಈಗ ಸ್ಟ್ರಾಡ್‌ನ ಎಲೆ ಶಕುನವನ್ನು ಮಿರ್ಜಾನಿಗೆ ತಂದಿದ್ದೇವೆ. ರಾಣಿಯ ಕಳೆದುಹೋದ ಮುದ್ರೆ ಯಾಣದ ಬಂಡೆಯ ಬುಡದಲ್ಲೋ, ಶಾಲ್ಮಲೆಯ ಸಹಸ್ರಲಿಂಗದಲ್ಲೋ, ಕೋಟೆಯದೇ ಬಾವಿಯಲ್ಲೋ ಇಸ್ಪೀಟೇ ಹೇಳಬೇಕು. ಬಂದದ್ದು ಕಳಾವರ್ ರಾಣಿ. ಅಂದರೆ ಬಾವಿ. ಆಟಗಾರರಿಗೆ ಇನ್ನೂ ಗೊತ್ತಿಲ್ಲ, ಯಾಣಕ್ಕೆ ಹೊರಡಲು ಹಗ್ಗ ಕೊಳ್ಳುತ್ತಿದ್ದಾರೆ.