ಗಟಾರ ಕಟ್ಟಿಸ್ತೀವಿ ಅಂತ ಸಹಿ ಕೇಳೋಕೆ ಬಂದ್ರೆ ಹುಷಾರ್!

ಹುಬ್ಬಳ್ಳಿ ಇರಲಿ, ಧಾರವಾಡ ಇರಲಿ, ಗದಗ-ಹಾವೇರಿ ಇರಲಿ, ನಿಮ್ಮ ಬಡಾವಣೆಯ ಹಿಂದೆ ಇನ್ನೂ ಖಾಲಿ ಹೊಲ ಉಳಿದಿದ್ದರೆ ಇದನ್ನು ಪೂರ್ತಿ ಓದಿ. "ನಿಮ್ಮ ಓಣಿಗೆ ಸಿಮೆಂಟ್ ರಸ್ತೆ ಮಾಡಿಸ್ತೀವ್ರಿ, ಗಟಾರ ಕಟ್ಟಿಸ್ತೀವಿ, ಒಂದು ಸಹಿ ಹಾಕ್ರಿ" ಅಂತ ಯಾರಾದರೂ ಬಾಗಿಲಿಗೆ ಬಂದರೆ ಹಾಕಬೇಡಿ. ನಮ್ಮ ಓಣಿಯಲ್ಲಿ ಹಾಕಿಸಿಕೊಂಡು ಹೋದರು. ಈಗ ಆ ಸಹಿಗಳೇ, ಹಿಂದಿನ ಹೊಲವನ್ನು ಲೇಔಟ್ ಮಾಡೋಕೆ ಹೊರಟ ಬಿಲ್ಡರ್‌ನ ಫೈಲಿನಲ್ಲಿ ನಮ್ಮ ವಿರುದ್ಧ ಕೂತಿವೆ.

ಹೇಗೆ ಮಾಡುತ್ತಾರೆ ನೋಡಿ. ಮೇಲಿನ ಹಾಳೆ ನಿಜವಾಗಿಯೂ ರಸ್ತೆ-ಗಟಾರದ ಮನವಿ. ಅದರಲ್ಲಿ ತಪ್ಪು ಹುಡುಕೋಕೆ ಏನೂ ಇಲ್ಲ. ಕೆಳಗಿನ ಹಾಳೆಯಲ್ಲಿ ಬರೀ ಗೆರೆ ಹೊಡೆದ ಕಾಲಂಗಳು: ಅ.ನಂ., ಹೆಸರು, ಮನೆ ನಂಬರ್, ಮೊಬೈಲ್, ಸಹಿ. ಆ ಎರಡನೇ ಹಾಳೆಗೆ ತಲೆಬರಹವೇ ಇಲ್ಲ. ವಿಷಯ ಇಲ್ಲ, ತಾರೀಖು ಇಲ್ಲ, ಪುಟ ಸಂಖ್ಯೆ ಇಲ್ಲ. ಆಟ ಇರೋದೇ ಅಲ್ಲಿ. ಆಮೇಲೆ ಮೇಲಿನ ಹಾಳೆ ಕಿತ್ತು ಬೇರೆ ಹಾಳೆ ಸೇರಿಸಿದರೆ ಮುಗೀತು. ಫೈಲ್ ತೆಗೆಸಿ ನೋಡಿದಾಗ ಅದೇ ಸಹಿಗಳ ಮೇಲೆ ಇದ್ದದ್ದು ಈ ಮಾತು: "ಸದರಿ ಜಮೀನನ್ನು ಹಸಿರು ವಲಯದಿಂದ ವಸತಿ ವಲಯಕ್ಕೆ ಬದಲಾಯಿಸಲು ಅಕ್ಕಪಕ್ಕದ ನಿವಾಸಿಗಳಾದ ನಮ್ಮ ಯಾವುದೇ ತಕರಾರು ಇರುವುದಿಲ್ಲ." ಸಹಿ ಹಾಳೆಯ ಮೂಲೆಯಲ್ಲಿ ಸ್ಟೇಪಲ್ ಪಿನ್ನಿನ ತೂತು ಎರಡು ಜೋಡಿ. ಮೇಲಿನ ಪತ್ರಕ್ಕೆ ಒಂದೇ ಜೋಡಿ. ಅಷ್ಟು ರಾಜಾರೋಷ! ತೂತು ಮುಚ್ಚುವ ಗೋಜಿಗೂ ಹೋಗಿಲ್ಲ.

ಕೇಳಿದರೆ ಬಿಲ್ಡರ್ ಕಡೆಯವನ ಉತ್ತರ: "ಸಹಿ ನಿಮ್ಮದ ಹೌದಲ್ರೀ? ಮತ್ತೇನು?" ಹಿರಿಯರೊಬ್ಬರು ಜೋರು ಮಾಡಿದಾಗ ನಗುತ್ತಲೇ ಅಂದ, "ಕಾಕಾ, ನಿಮ್ಮ ಮನಿ ಇರೋ ಜಾಗಾನೂ ಒಂದು ಕಾಲಕ್ಕ ಹೊಲಾನ ಇತ್ತಲ್ರೀ. ಆವಾಗ ಯಾರರ ತಕರಾರು ಮಾಡಿದ್ರೇನು?" ಈ ಮಾತಿಗೆ ಅಲ್ಲಿ ನಿಂತವರ ಬಾಯಿ ಕಟ್ಟಿತು. ಉತ್ತರ ಇತ್ತು, ಹೊಳೆದದ್ದು ಮನೆಗೆ ಬಂದ ಮೇಲೆ: ನಮ್ಮ ಲೇಔಟ್ ಆದಾಗ ಆ ಜಾಗ ನಕ್ಷೆಯಲ್ಲಿ ಹಳದಿ, ಅಂದರೆ ವಸತಿ ವಲಯ ಇತ್ತು, ನಿಮ್ಮದು ಹಸಿರು ಐತಿ ಮಾರಾಯ! ಯೋಜನಾ ಪ್ರಾಧಿಕಾರದ ಕಚೇರಿಯಲ್ಲಿ ಬೇರೆ ರಾಗ. "ಪೇಪರ್‌ದಾಗ ಕೊಟ್ಟಿದ್ವಲ್ರೀ, ಹದಿನೈದು ದಿನ ಟೈಮ್ ಇತ್ತು, ಒಬ್ಬರೂ ಬರಲಿಲ್ಲ."

ಹೌದು, ಪೇಪರಿನಲ್ಲಿ ಕೊಟ್ಟಿದ್ದರು. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ ಕಲಂ 14-ಎ ಪ್ರಕಾರ ಮಹಾಯೋಜನೆಯಲ್ಲಿ (ಊರಿನ ಮಾಸ್ಟರ್ ಪ್ಲಾನ್) ಭೂ ಉಪಯೋಗ ಬದಲಾಯಿಸಬೇಕಾದರೆ ಆ ಭಾಗದಲ್ಲಿ ಓದುವ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ಆಕ್ಷೇಪಣೆಗೆ ಕನಿಷ್ಠ 15 ದಿನ ಬಿಡಬೇಕು, ಬದಲಾವಣೆ ಸಾರ್ವಜನಿಕ ಹಿತಕ್ಕೆ ಇರಬೇಕು, ಸರ್ಕಾರದ ಪೂರ್ವಾನುಮತಿ ಬೇಕು. ಆದರೆ ಆ ಪ್ರಕಟಣೆಯಲ್ಲಿ ನಿಮ್ಮ ಓಣಿಯ ಹೆಸರು ಬರಲ್ಲ. ಬರೋದು ರಿ.ಸ. (ಸರ್ವೆ) ನಂಬರ್, ಹಿಸ್ಸಾ, ಗ್ರಾಮ, ಎಕರೆ-ಗುಂಟೆ ಅಷ್ಟೇ, ಅದೂ ಟೆಂಡರ್ ಜಾಹೀರಾತುಗಳ ನಡುವೆ ಇರುವೆ ಸಾಲಿನಂಥ ಅಕ್ಷರದಲ್ಲಿ. ಮನೆ ಹಿಂದಿನ ಹೊಲದ ಸರ್ವೆ ನಂಬರ್ ಯಾರ ಬಾಯಲ್ಲಿರುತ್ತೆ ಹೇಳಿ?

ಅದಕ್ಕೇ ಈಗಲೇ ತಿಳಿದುಕೊಂಡು ಬರೆದಿಟ್ಟುಕೊಳ್ಳಿ. ಆ ಹೊಲದ ಬದುವಿಗೆ ಹೋಗಿ ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತೆ. ಸರ್ಕಾರದ 'ಭೂಮಿ' ಜಾಲತಾಣದಲ್ಲಿ ಉತಾರ (ಪಹಣಿ) ತೆಗೆಯಿರಿ, ಗ್ರಾಮ ನಕ್ಷೆ ತೆಗೆಯಿರಿ. ನಕ್ಷೆಯಲ್ಲಿ ಹಳ್ಳ, ನಾಲಾ, ಬಂಡಿ ದಾರಿ ಇದ್ದರೆ ಗುರುತು ಹಾಕಿ. ಜೆಸಿಬಿ ಬಂದ ಮೇಲೆ ಮೊದಲು ಮಾಯವಾಗೋದು ಅವೇ.

ಇನ್ನೊಂದು ಮೋಸ, "ಎನ್‌ಎ ಆಗೇತ್ರಿ, ಇನ್ನೇನು ಐತಿ" ಅನ್ನೋದು. ಎನ್‌ಎ ಅಂದರೆ ಬಿನ್‌ಶೇತ್ಕಿ, ಹೊಲವನ್ನು ಕೃಷಿಯೇತರ ಮಾಡೋದು. ಮೂರು ಬೇರೆ ಬೇರೆ ಕಾಗದ ಇವೆ, ಒಂದನ್ನು ತೋರಿಸಿ ಇನ್ನೊಂದು ಇದೆ ಅಂತ ನಂಬಿಸುತ್ತಾರೆ. ವಲಯ ಬದಲಾವಣೆ ಕಲಂ 14-ಎ ಅಡಿ. ಬಿನ್‌ಶೇತ್ಕಿ ಆಗೋದು ಭೂಕಂದಾಯ ಕಾಯ್ದೆ 1964ರ ಕಲಂ 95ರ ಅಡಿ. ಲೇಔಟ್ ಮಂಜೂರಾತಿ ಯೋಜನಾ ಕಾಯ್ದೆಯ ಕಲಂ 17ರಲ್ಲಿ. ಯಾವುದರ ಆದೇಶ, ಯಾವ ತಾರೀಖು, ಯಾವ ನಂಬರ್ ಅಂತ ಬಿಡಿಸಿ ಕೇಳಿ. ಪ್ಲಾಟ್ ಕೊಳ್ಳುವವರಿಗೂ ಇದೇ ಮಾತು. 500 ಚದರ ಮೀಟರ್‌ಗಿಂತ ದೊಡ್ಡ ಲೇಔಟ್ ಅಂದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಬೇಕು, ಆಗದೆ ಬುಕಿಂಗ್ ತಗೊಳ್ಳುವಂತಿಲ್ಲ. ನಮ್ಮ ಹಿಂದಿನ ಜಾಗದಲ್ಲಿ ವಲಯವೇ ಬದಲಾಗಿಲ್ಲ, ಬಣ್ಣ ಬಣ್ಣದ ಬ್ರೋಷರ್ ಆಗಲೇ ಓಡಾಡ್ತಿದೆ.

ಮಾಹಿತಿ ಹಕ್ಕಿನ ಅರ್ಜಿ ಹಾಕಿ ಕಾಯುತ್ತಾ ಕೂರಬೇಡಿ. ಆರ್‌ಟಿಐ ಉತ್ತರಕ್ಕೆ 30 ದಿನ, ಆಕ್ಷೇಪಣೆಗೆ 15 ದಿನ. ಲೆಕ್ಕ ನೀವೇ ಹಾಕಿ. ಮೊದಲು ಪ್ರಾಧಿಕಾರಕ್ಕೆ ಒಂದು ಪುಟದ ಆಕ್ಷೇಪಣೆ ಕೊಟ್ಟುಬಿಡಿ, "ವಿವರವಾದ ಹೇಳಿಕೆ ಸಲ್ಲಿಸುವ ಹಕ್ಕು ಕಾಯ್ದಿರಿಸಿದೆ, ಖುದ್ದು ವಿಚಾರಣೆಗೆ ಅವಕಾಶ ಕೊಡಿ" ಅಂತ ಸೇರಿಸಿ. ಎರಡು ಪ್ರತಿ ಒಯ್ಯಿರಿ, ನಿಮ್ಮ ಪ್ರತಿಯ ಮೇಲೆ ಇನ್‌ವರ್ಡ್ ನಂಬರ್, ಸಹಿ-ಶಿಕ್ಕಾ ಬೀಳೋವರೆಗೂ ಆ ಟೇಬಲ್ ಬಿಟ್ಟು ಏಳಬೇಡಿ. ಇನ್ನೊಂದು ಪ್ರತಿ ಬೆಂಗಳೂರಿನ ನಗರಾಭಿವೃದ್ಧಿ ಇಲಾಖೆಗೆ ಸ್ಪೀಡ್ ಪೋಸ್ಟ್ ಮಾಡಿ, ಪೂರ್ವಾನುಮತಿ ಕೊಡಬೇಕಾದ್ದು ಸರ್ಕಾರ. ಆರ್‌ಟಿಐ ಜೊತೆಜೊತೆಗೇ ಹಾಕಿ: ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು, ಶುಲ್ಕ 10 ರೂಪಾಯಿ. ಪ್ರತಿ ಕೇಳುವುದರ ಜೊತೆಗೆ "ಕಡತ ಪರಿಶೀಲನೆ" ಅಂತಲೂ ಬರೆಯಿರಿ. ಪಿನ್ನಿನ ತೂತು ಝೆರಾಕ್ಸ್‌ನಲ್ಲಿ ಕಾಣಲ್ಲ.

ಆಕ್ಷೇಪಣೆಯಲ್ಲಿ "ನಮಗೆ ತೊಂದರೆ ಆಗುತ್ತೆ" ಅಂತ ಬರೆದರೆ ಕಸದ ಬುಟ್ಟಿಗೆ. ಲೆಕ್ಕ ಬರೆಯಿರಿ. 5 ಎಕರೆ ಅಂದರೆ 2,17,800 ಚದರ ಅಡಿ. ರಸ್ತೆ, ಪಾರ್ಕು ಕಳೆದು ಅರ್ಧ ಉಳಿದರೂ 30×40ರ 90 ಪ್ಲಾಟ್. ಪ್ಲಾಟ್ ಒಂದಕ್ಕೆ ಮೂರು ಮಹಡಿ, ಮೂರು ಸಂಸಾರ ಅಂದರೆ 270 ಮನೆ, ಮನೆಗೆ ನಾಲ್ಕು ಮಂದಿಯಂತೆ 1,080 ಜನ. ತಲೆಗೆ ದಿನಕ್ಕೆ 135 ಲೀಟರ್ ಮಾನದಂಡದಂತೆ 1,45,800 ಲೀಟರ್ ನೀರು. ಅದರ ಶೇ. 80 ಭಾಗ, ಅಂದರೆ ಸುಮಾರು 1.17 ಲಕ್ಷ ಲೀಟರ್ ದಿನಾ ಕೊಳಚೆಯಾಗಿ ಹೊರಗೆ ಬರುತ್ತೆ. ಅದು ಹೋಗಬೇಕಾದ್ದು ನಿಮ್ಮ ಓಣಿಯ ಹಳೇ ಆರಿಂಚಿನ ಪೈಪಿಗೆ! ನಳದ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತೆ ಅನ್ನೋದನ್ನು ನೀರು ಬಿಟ್ಟ ತಾರೀಖುಗಳ ಸಮೇತ ಬರೆಯಿರಿ. ಕೂಡುರಸ್ತೆಯ ಅಗಲ ಟೇಪ್ ಹಿಡಿದು ಅಳೆಯಿರಿ, ಕಾಗದದ ಮೇಲಿನ ಅಗಲ ನಂಬಬೇಡಿ. ನಮ್ಮ ಕಡೆ ಎರಿ ಮಣ್ಣು, ಅದರ ಮೇಲೆ ಎರಡು-ಮೂರು ಅಡಿ ಗರಸು ಹಾಕಿ ಹೊಸ ಲೇಔಟ್ ಎತ್ತರಿಸುತ್ತಾರೆ, ಮಳೆ ನೀರೆಲ್ಲ ತಗ್ಗಿನಲ್ಲಿರೋ ಹಳೇ ಮನೆಗಳಿಗೆ. ಅದಕ್ಕೆ ಮಟ್ಟದ ನಕ್ಷೆ ಕೇಳಿ.

ಇದನ್ನೆಲ್ಲ ಹೇಳಿದಾಗ ಬಿಲ್ಡರ್ ಕಡೆಯವನು "ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡೋ ಘಟಕ) ಮಾಡ್ತೀವಿ, ಬೋರ್ ಹೊಡಸ್ತೀವಿ, ಚಿಂತಿ ಬಿಡ್ರಿ" ಅಂದ. ಬರೆದು ಕೊಡಪ್ಪ ಅಂದರೆ "ಬಾಯಿ ಮಾತಿಗೆ ಬೆಲಿ ಇಲ್ಲೇನ್ರೀ?" ಬಾಯಿ ಮಾತಿನಿಂದಲೇ ಇಷ್ಟೆಲ್ಲ ಆಗಿದ್ದು.

ಗುಡಿ ಹಾಲ್‌ನಲ್ಲಿ "ನಿವಾಸಿಗಳ ಜೊತೆ ಚರ್ಚೆ" ಅಂತ ಕರೆದು ಗಿರ್ಮಿಟ್ಟು, ಮಿರ್ಚಿ, ಚಹಾ ಕೊಡುತ್ತಾರೆ. ತಿನ್ನಿ, ತಕರಾರಿಲ್ಲ. ಹಾಜರಿ ಪುಸ್ತಕಕ್ಕೆ ಮಾತ್ರ ಸಹಿ ಬೇಡ, ಅದೂ ಆಮೇಲೆ ಒಪ್ಪಿಗೆಯ ನಡಾವಳಿ ಆಗುತ್ತೆ.

"ಅಕ್ಕಪಕ್ಕದವರಿಗೆ ಕೇಳೋ ಹಕ್ಕೇ ಇಲ್ಲ" ಅಂತಾನೂ ಹೆದರಿಸುತ್ತಾರೆ. ಬೆಂಗಳೂರಿನಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ನರ್ಸಿಂಗ್ ಹೋಮಿಗೆ ಕೊಟ್ಟಾಗ ಅಲ್ಲಿಯ ನಿವಾಸಿಗಳೇ ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಹಕ್ಕು ಒಪ್ಪಿ ಹಂಚಿಕೆ ರದ್ದಾದದ್ದನ್ನು ಎತ್ತಿಹಿಡಿಯಿತು. ನಮ್ಮ ನಾಲ್ಕೂ ಊರಿನವರಿಗೆ ಹೈಕೋರ್ಟ್ ಪೀಠ ಧಾರವಾಡದಲ್ಲೇ ಇದೆ. ಆದರೆ ಅಲ್ಲಿ ಮೊದಲು ಕೇಳೋದು "ಆಕ್ಷೇಪಣೆ ಕೊಟ್ಟಿದ್ರಾ, ಸ್ವೀಕೃತಿ ಎಲ್ಲಿ?" ಅಂತ.

ಸಹಿ ಈಗಾಗಲೇ ಹೋಗಿದ್ದರೆ ಗುಂಪಾಗಿ ಒಂದೇ ಪತ್ರ ಕೊಡಬೇಡಿ. ಒಬ್ಬೊಬ್ಬರೂ ಬೇರೆ ಬೇರೆ ನೋಟರಿ ಅಫಿಡವಿಟ್ ಮಾಡಿಸಿ: ಯಾವ ಕಾರಣ ಹೇಳಿ ಸಹಿ ಪಡೆದರು, ಆಗ ಮೇಲಿನ ಹಾಳೆಯಲ್ಲಿ ಏನಿತ್ತು, ವಲಯ ಬದಲಾವಣೆಗೆ ಒಪ್ಪಿಗೆ ಇಲ್ಲ, ಸಹಿ ಹಿಂಪಡೆದಿದ್ದೇನೆ. ನಮ್ಮಲ್ಲಿ ಅದೇ ಶುರುವಾಗಿದೆ. ನಿನ್ನೆ ಸಹಿ ಹಾಕಿಸಿಕೊಂಡು ಹೋಗಿದ್ದ ಆ ಮನುಷ್ಯ ಮತ್ತೆ ಬಂದಿದ್ದ, ಈ ಸಲ ಬೀದಿ ದೀಪದ ಅರ್ಜಿ ಹಿಡಿದುಕೊಂಡು.