ಅಳಿವೆಯ ನೀರಿಗೆ ಅಡ್ಡ ಬಾಟಲಿ: 5 ಲೀಟರ್ ಪಿವಿಸಿ ವ್ಯಾನ್ ಡಾರ್ನ್ ಸ್ಯಾಂಪ್ಲರ್

ಅಳಿವೆಯಲ್ಲಿ ಹೊಳೆಯ ಸಿಹಿನೀರು ಹಗುರವಾದ್ದರಿಂದ ಮೇಲೆ ತೇಲುತ್ತ ಕಡಲಿನ ಕಡೆ ಸಾಗುತ್ತದೆ, ಉಪ್ಪುನೀರು ಅಡಿಯಲ್ಲಿ ನುಸುಳಿ ಒಳಕ್ಕೆ ಬರುತ್ತದೆ. ಎರಡೂ ಬೆರೆಯುವ ಪದರ ಕೆಲವೆಡೆ ಅರ್ಧ ಮೀಟರ್ ಕೂಡ ಇರುವುದಿಲ್ಲ. ನೆಟ್ಟಗೆ ಇಳಿಯುವ ನಿಸ್ಕಿನ್ ಬಾಟಲಿ ಅಲ್ಲಿ ಮೇಲಿನದನ್ನೂ ಕೆಳಗಿನದನ್ನೂ ಒಟ್ಟಿಗೇ ತುಂಬಿಕೊಳ್ಳುತ್ತದೆ. ಅಡ್ಡಲಾಗಿ ಮಲಗುವ ವ್ಯಾನ್ ಡಾರ್ನ್, ಅಂದರೆ ಎರಡೂ ತುದಿಯ ಮುಚ್ಚಳ ತೆರೆದಿಟ್ಟು ಇಳಿಸಿ ಬೇಕಾದ ಆಳದಲ್ಲಿ ಮುಚ್ಚಿಸುವ ಕೊಳವೆಯಾಕಾರದ ಬಾಟಲಿ, ಹೆಚ್ಚುಕಡಿಮೆ ತನ್ನ ವ್ಯಾಸದಷ್ಟು ದಪ್ಪದ ನೀರನ್ನಷ್ಟೇ ಹಿಡಿಯುತ್ತದೆ. ಇದನ್ನು ಕೊಳ್ಳಲು ಇದೊಂದೇ ಕಾರಣ ಸಾಕು.

ಜೊತೆಗೆ ಬರುವ ಬಿಡಿಭಾಗಗಳ ಬಗ್ಗೆ ಮಾತ್ರ ಒಳ್ಳೆಯ ಮಾತಿಲ್ಲ. ಮುಚ್ಚಳ ಎಳೆಯುವ ರಬ್ಬರ್ ಕೊಳವೆ ನೀರಿಗೆ ಸತು ಬಿಡುತ್ತದೆ. ಹಗ್ಗದ ಮೇಲೆ ಜಾರಿ ಹೋಗಿ ಕೊಂಡಿ ಬಿಡಿಸುವ ಹಿತ್ತಾಳೆ ಗುಂಡಿನಿಂದ ತಾಮ್ರವೂ ಸೇರುತ್ತದೆ. ಲೋಹ ಅಳೆಯುವವರು ಸಿಲಿಕೋನ್ ಕೊಳವೆ, ಪ್ಲಾಸ್ಟಿಕ್ ಲೇಪಿಸಿದ ಗುಂಡು, ನೈಲಾನ್ ಹಗ್ಗ ಹಾಕಿಕೊಳ್ಳಲೇಬೇಕು. ಸಿಲಿಕೋನ್‌ನ ಬಿಗಿ ಕಡಿಮೆಯಾದರೆ ಮುಚ್ಚಳ ಸೋರುತ್ತದೆ. ನೀರು ತುಂಬಿ ಹತ್ತು ನಿಮಿಷ ತೂಗುಹಾಕಿ ನೋಡಿ, ಹನಿ ಬಿದ್ದರೆ ಕೊಳವೆ ಗಿಡ್ಡ ಮಾಡಿ.

ಬಾಟಲಿಯಿಂದ ಸೀಸೆಗಳಿಗೆ ನೀರು ಬಿಡುವ ನಲ್ಲಿಯದು ಇನ್ನೊಂದು ರಗಳೆ. ನೀರು ಬಿಡುತ್ತಿರುವಾಗಲೇ ಹೂಳು ತಳ ಹಿಡಿಯುತ್ತದೆ, ಹಾಗಾಗಿ ಮೊದಲ ಸೀಸೆಗೂ ಕೊನೆಯ ಸೀಸೆಗೂ ತಾಳೆಯಾಗುವುದಿಲ್ಲ. ಸೀಸದಂಥ ಲೋಹ ಬಹುಪಾಲು ಪ್ರಯಾಣ ಮಾಡುವುದೇ ಈ ಹೂಳಿನ ಬೆನ್ನೇರಿ. ಪ್ರತಿ ಸೀಸೆಗೂ ಮುನ್ನ ಬಾಟಲಿಯನ್ನು ಮೆಲ್ಲಗೆ ಹಿಂದೆ ಮುಂದೆ ಓಲಾಡಿಸಿ.

ನೀರಿನಲ್ಲಿ ಕರಗಿದ ಲೋಹವನ್ನಷ್ಟೇ ಅಳೆಯುವುದಾದರೆ 0.45 ಮೈಕ್ರಾನ್ ಸೋಸುಹಾಳೆಯಲ್ಲಿ ಸೋಸಿದ ಮೇಲೆಯೇ ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗಿಳಿಸಿ. ಮೊದಲೇ ಹಾಕಿದರೆ ಹೂಳಿಗೆ ಅಂಟಿದ ಲೋಹ ಬಿಟ್ಟುಕೊಂಡು, ಕರಗಿದ್ದರ ಲೆಕ್ಕಕ್ಕೆ ಸೇರಿಬಿಡುತ್ತದೆ. ಕ್ಯಾಡ್ಮಿಯಂ ವಿಷಯದಲ್ಲಂತೂ ಈ ತಪ್ಪು ಮಾಡಲೇಬಾರದು. ಉಪ್ಪು ಹೆಚ್ಚಿದಂತೆ ಕ್ಲೋರೈಡ್ ಅದನ್ನು ಹೂಳಿನಿಂದ ಬಿಡಿಸಿಕೊಳ್ಳುತ್ತದೆ. ಉದಾಹರಣೆಗೆ, ಲವಣಾಂಶ (ಕಿಲೋ ನೀರಿನಲ್ಲಿ ಸುಮಾರು ಎಷ್ಟು ಗ್ರಾಂ ಉಪ್ಪು ಎಂಬ ಲೆಕ್ಕ) 0 ಇರುವಲ್ಲಿ ಕರಗಿದ ಕ್ಯಾಡ್ಮಿಯಂ ಲೀಟರಿಗೆ 0.20 ಮೈಕ್ರೋಗ್ರಾಂ, 35 ಇರುವಲ್ಲಿ 0.04 ಎಂದುಕೊಳ್ಳಿ. ಬರೀ ಬೆರಕೆಯಾಗಿದ್ದರೆ 17.5ರಲ್ಲಿ 0.12 ಸಿಗಬೇಕು, 0.18 ಸಿಕ್ಕರೆ, ಹೊಳೆ ಕಡಲುಗಳ ಮಟ್ಟ ಅಷ್ಟರಲ್ಲಿ ಬದಲಾಗಿರದಿದ್ದರೆ, ಮಿಕ್ಕದ್ದು ನಡುವೆ ಎಲ್ಲಿಂದಲೋ ಸೇರಿದೆ. ಅದು ಹೂಳಿನಿಂದಲೋ ದಡದ ಚರಂಡಿಯಿಂದಲೋ ಎಂಬ ಪ್ರಶ್ನೆ ಏಳುವುದೇ ಇಲ್ಲಿ. ಆಮ್ಲದ ಎಡವಟ್ಟೂ ಇದೇ ವೇಷದಲ್ಲಿ ಬರುತ್ತದೆ. ಕಬ್ಬಿಣದ ದಾರಿ ಇದಕ್ಕೆ ತಿರುಗುಮುರುಗು: ಉಪ್ಪು ತಾಗಿದ ಕೂಡಲೇ ಗರಣೆಗಟ್ಟಿ ಕೆಳಗಿಳಿಯುತ್ತದೆ. ಆದ್ದರಿಂದ ಲವಣಾಂಶ 0ರಿಂದ 5ರ ನಡುವೆ ಮಾದರಿಗಳು ಒತ್ತೊತ್ತಾಗಿರಲಿ.

ಪಿಸಿಬಿ (ಕ್ಲೋರಿನ್ ಇರುವ ಕೈಗಾರಿಕಾ ರಾಸಾಯನಿಕಗಳು), ಎಣ್ಣೆಯ ಆರೊಮ್ಯಾಟಿಕ್ (ಉಂಗುರ ರಚನೆಯ) ಹೈಡ್ರೋಕಾರ್ಬನ್‌ಗಳಿಗೆ ಈ ಬಾಟಲಿ ಬೇಡ. ಅವು ಪಿವಿಸಿ ಗೋಡೆಗೇ ಅಂಟಿಕೊಳ್ಳುತ್ತವೆ. ಗಾಜು ಅಥವಾ ಸ್ಟೇನ್‌ಲೆಸ್ ಸ್ಟೀಲಿನದೇ ಬೇಕು.

ಇಳಿತದ ಸೆಳೆತ ಜೋರಾಗಿದ್ದರೆ ಹಗ್ಗ ಓರೆಯಾಗುತ್ತದೆ. 30 ಡಿಗ್ರಿ ವಾಲಿದಾಗ ಬಿಟ್ಟ 10 ಮೀಟರ್ ಹಗ್ಗಕ್ಕೆ ಆಳ ಸಿಗುವುದು 8.7 ಮೀಟರ್ ಮಾತ್ರ. ಬಾಟಲಿಯ ಕೆಳಗೆ ಪ್ಲಾಸ್ಟಿಕ್ ಲೇಪಿಸಿದ ಭಾರ ಕಟ್ಟಿ, ಪಕ್ಕದಲ್ಲೇ ಲವಣಾಂಶ ಮಾಪಕವನ್ನೂ ಇಳಿಸಿ.